ಹಿಂಬದಿ ಸೀಟಿನ ಸಣ್ಣ ಸ್ವರ

ಹೋದ ವಾರ ನಮ್ಮ ಕಾರ್ಖಾನೆಯ ಊಟದ ಕೋಣೆಯಲ್ಲಿ, ನಿವೃತ್ತರಾದ ಹಿರಿಯರೊಬ್ಬರಿಗೆ ಕೇಕು ಕತ್ತರಿಸಿ ಬೀಳ್ಕೊಟ್ಟೆವು. ಸೂಪರ್‌ವೈಸರು ಎದ್ದು ನಿಂತು, ಇವರು ಒಂದು ದಿನವೂ ತಡವಾಗಿ ಬಂದವರಲ್ಲ ಎಂದ. ಎಚ್‌ಆರ್‌ನವಳು ಗೋಡೆ ಗಡಿಯಾರ ಕೊಟ್ಟಳು. ಜೀವಮಾನವೆಲ್ಲ ಟೈಮಿಗೆ ಸರಿಯಾಗಿ ಬಂದ ಮನುಷ್ಯನಿಗೆ, ಇನ್ನು ಎಲ್ಲಿಗೂ ಓಡಬೇಕಾಗಿಲ್ಲದ ದಿನ ಗಡಿಯಾರ ಯಾಕೆ ಕೊಡುತ್ತಾರೋ ದೇವರೇ ಬಲ್ಲ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಥ್ಯಾಂಕ್ಯೂ ಹೇಳಿ, ಕೂತುಬಿಟ್ಟರು. ಭಾಷಣ ಮಾಡಿದವರಲ್ಲಿ ಒಬ್ಬರೂ ಅವರ ಜೊತೆ ಕೂತು ಉಂಡವರಲ್ಲ. ಉಂಡವಳು ನಾನು.

ಅವರ ಹೆಸರು ಬರೆಯುವುದಿಲ್ಲ. ತಿಂಗಳ ಉತ್ತಮ ಕೆಲಸಗಾರ ಎಂದು ಫೋಟೋ ಅಂಟಿಸಲು ಬಂದವರನ್ನೇ ವಾಪಸ್ ಕಳಿಸಿದ ಆಸಾಮಿ ಅದು. ಹೆಸರು ಅಚ್ಚಾದರೆ ನನ್ನನ್ನು ಸುಮ್ಮನೆ ಬಿಡುವುದಿಲ್ಲ.

ನಾನು ವಾನ್ ಎನ್ನುವ ಊರಿನ ಈ ಕಾರ್ಖಾನೆಗೆ ಸೇರಿದ್ದು ೨೦೧೬ರಲ್ಲಿ. ಕಾರಿನ ಬಾಗಿಲಿಗೆ ತಗಡು ಒತ್ತುವ ಜಾಗ. ಕೆಳಗೆ ಪ್ರೆಸ್ಸುಗಳು ಧಡಲ್ ಧಡಲ್ ಎಂದು ಬೀಳುತ್ತಿದ್ದರೆ ಮೇಲಿನ ಶಿಪ್ಪಿಂಗ್ ಆಫೀಸಿನಲ್ಲಿ ನನ್ನ ಕಾಫಿ ಲೋಟ ನಡುಗುತ್ತಿತ್ತು. ಅವರು ಕೆಳಗೆ ಪ್ರೆಸ್ಸಿಗೆ ಅಚ್ಚು ಕೂರಿಸುವ ಕೆಲಸದಲ್ಲಿದ್ದರು. ಊಟದ ಕೋಣೆಯಲ್ಲಿ ನಾನು ಡಬ್ಬಿ ಬಿಸಿ ಮಾಡುತ್ತಿದ್ದಾಗ ಹಿಂದಿನಿಂದ ಬಂದು, ಸಾರಿನ ವಾಸನೆ ಹಿಡಿದು, ನೀವು ನಮ್ಮ ಕಡೆಯವರಾ ಎಂದು ಕೇಳಿದರು. ನಾನು ಮೈಸೂರು ಎಂದೆ. ಅವರು ಉಡುಪಿಯ ಹತ್ತಿರದವರು, ಮನೆಮಾತು ತುಳು. ಅಷ್ಟು ದೂರದವರು ಇಲ್ಲಿ ಸಿಕ್ಕರೆ ಒಂದೇ ಓಣಿಯವರ ಲೆಕ್ಕ. ಅಂದಿನಿಂದ ಎದುರು ಬದುರು ಕೂತು ಉಣ್ಣುವುದು ರೂಢಿಯಾಯಿತು. ನನ್ನ ಸಾರು ಅವರಿಗೆ ಸಪ್ಪೆ, ಅವರ ಮೀನುಸಾರಿನ ವಾಸನೆ ನನಗೆ ಆಗದು. ಆದರೂ ಟೇಬಲ್ಲು ಬದಲಾಯಿಸಲಿಲ್ಲ.

ನನಗೂ ಆಗ ಇನ್ನೊಬ್ಬರ ಎದುರು ಕೂರುವ ಆಸೆ ಇತ್ತು ಎನ್ನಿ. ಗಂಡನಿಗೆ ವಿಮಾನದಲ್ಲೇ ಹೋಗಬೇಕಾದಷ್ಟು ದೂರದ ಆಲ್ಬರ್ಟಾದಲ್ಲಿ ಕೆಲಸ, ನನಗೆ ಇಲ್ಲಿ. ಒಂದು ಬೇಸ್‌ಮೆಂಟಿನಲ್ಲಿ ಒಬ್ಬಳೇ ಇದ್ದೆ. ಕಿಟಕಿ ನೆಲದ ಮಟ್ಟದಲ್ಲಿದ್ದುದರಿಂದ ಮೇಲಿನ ಮನೆಯವರ ಕಾರಿನ ಚಕ್ರ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಶನಿವಾರ ಭಾನುವಾರ ಎರಡು ದಿನ ಬಾಯಿ ಬಿಡದೆ ಕಳೆದು, ಸೋಮವಾರ ಗುಡ್ ಮಾರ್ನಿಂಗ್ ಹೇಳಹೋದರೆ ಗಂಟಲು ಕಟ್ಟಿಕೊಂಡಿರುತ್ತಿತ್ತು.

ಅವರ ವಿಷಯ ಕೇಳಿದರೆ ನನ್ನದು ಏನೂ ಅಲ್ಲ. ಹೆಂಡತಿ ಕಾಯಿಲೆಯಿಂದ ತೀರಿಕೊಂಡು ಕೆಲವು ವರ್ಷವಾಗಿತ್ತು. ಒಬ್ಬಳೇ ಮಗಳು, ಇಲ್ಲೇ ಹುಟ್ಟಿದವಳು, ತಾಯಿ ಹೋದಾಗ ಹೈಸ್ಕೂಲಿನಲ್ಲಿದ್ದಳು, ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಕಾಲೇಜು. ಜಾರ್ಜ್‌ಟೌನಿನಲ್ಲಿ ಇಬ್ಬರದೇ ಮನೆ. ಇವರು ತುಳುವಿನಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಒಂದು ಪದದ ಉತ್ತರ ಕೊಡುತ್ತಿದ್ದಳಂತೆ. ಊಟ ಆಯಿತಾ ಎಂದರೆ ಯೆಸ್. ಕಾಲೇಜು ಹೇಗಿದೆ ಎಂದರೆ ಫೈನ್. ತಾಯಿಯ ಮಾತು ಎತ್ತಿದರೆ ಎದ್ದು ಮೆಟ್ಟಿಲು ಹತ್ತಿ ಮೇಲೆ ಹೋಗಿಬಿಡುವಳು. ಇದನ್ನೆಲ್ಲ ಅವರು ದೂರು ಹೇಳಿದ್ದಲ್ಲ. ಮೀನಿನ ಮುಳ್ಳು ಬಿಡಿಸುತ್ತಾ ಬಿಡಿಸುತ್ತಾ ದಿನಕ್ಕೊಂದು ಚೂರು ಹೇಳುತ್ತಿದ್ದರು.

ಅವರಿಗೆ ಒಂದು ಮೋಟರ್‌ಸೈಕಲ್ಲು ಇತ್ತು. ಹಿಮ ಕರಗಿ, ಅದಕ್ಕೆಂದು ರಸ್ತೆಗೆ ಎರಚಿದ್ದ ಉಪ್ಪು ಮಳೆಗೆ ತೊಳೆದುಹೋಗುವುದೇ ತಡ, ಹೊದಿಕೆ ತೆಗೆಯುತ್ತಿದ್ದರು. ಭಾನುವಾರ ಬೆಳಗ್ಗೆ ಮಗಳನ್ನು ಹಿಂದೆ ಕೂರಿಸಿಕೊಂಡು ಕ್ಯಾಲೆಡನ್ ಕಡೆಯ ತಿರುವು ರಸ್ತೆಗಳಲ್ಲಿ ಒಂದು ಸುತ್ತು. ವಿಚಿತ್ರವೆಂದರೆ, ಮನೆಯಲ್ಲಿ ತುಟಿ ಬಿಚ್ಚದ ಹುಡುಗಿ ಗಾಡಿ ಹತ್ತಿದರೆ ಬಾಯಿ ಮುಚ್ಚುತ್ತಿರಲಿಲ್ಲ. ಇಬ್ಬರ ಹೆಲ್ಮೆಟ್ಟಿನಲ್ಲೂ ಒಂದು ಅಗ್ಗದ ಇಂಟರ್‌ಕಾಮ್ ಇತ್ತು, ಮಾತಾಡಿದರೆ ಒಬ್ಬರಿಗೊಬ್ಬರಿಗೆ ಕೇಳಿಸಬೇಕಾದ್ದು. ಇವರಿಗೆ ಕೇಳಿಸುತ್ತಿದ್ದುದು ಬರೀ ಗಾಳಿ, ಗಾಳಿಯ ಒಳಗೊಂದು ಸಣ್ಣ ಗುಂಯ್ ಶಬ್ದ. ಆ ಗುಂಯ್ ನಿಂತಾಗಲೆಲ್ಲ ಇವರು ಹೂಂ ಎನ್ನುತ್ತಿದ್ದರು. ಅವಳು ಮುಂದುವರಿಸುತ್ತಿದ್ದಳು.

ಹೀಗೇ ನಡೆಯುತ್ತಿತ್ತೇನೋ. ಅಷ್ಟರಲ್ಲಿ ಕಾರ್ಖಾನೆಯವರು ಎಲ್ಲರ ಕಿವಿ ಪರೀಕ್ಷೆ ಮಾಡಿಸಿದರು. ಅಂಗಳದಲ್ಲಿ ಒಂದು ವ್ಯಾನು ನಿಲ್ಲಿಸಿ, ಒಬ್ಬೊಬ್ಬರನ್ನೇ ಒಳಗೆ ಕೂರಿಸಿ, ಪೀಂ ಎಂದು ಕೇಳಿದಾಗ ಗುಂಡಿ ಒತ್ತಿ ಎನ್ನುವುದು. ಇವರು ಒತ್ತಿದ್ದು ಕಡಿಮೆ. ಪ್ರೆಸ್ಸಿನ ಸದ್ದಿಗೂ ಬೈಕಿನ ಗಾಳಿಗೂ ಕಿವಿಯ ಒಂದು ಪಾಲು ಹೋಗಿದೆ, ಮೊದಲು ಹೋಗುವುದು ಸಣ್ಣ ಸ್ವರಗಳು, ಇನ್ನು ಮೇಲೆ ಕೆಲಸದಲ್ಲೂ ಗಾಡಿಯಲ್ಲೂ ಸದ್ದು ತಡೆಯುವ ಪ್ಲಗ್ ಕಿವಿಗೆ ಹಾಕದಿದ್ದರೆ ಉಳಿದದ್ದೂ ಹೋಗುತ್ತದೆ ಎಂದಳಂತೆ ಪರೀಕ್ಷೆ ಮಾಡಿದವಳು. ಅಂದು ಅವರು ಊಟ ಮಾಡಲಿಲ್ಲ. ಡಬ್ಬಿಯ ಮುಚ್ಚಳ ತೆರೆದು ಮತ್ತೆ ಮುಚ್ಚಿದರು.

"ಹೆಂಗಸರ ಸ್ವರ, ಮಕ್ಕಳ ಸ್ವರ ಮೊದಲು ಹೋಗುದಂತೆ ಮಾರಾಯ್ರೆ," ಎಂದರು. "ನನಗೆ ಕೇಳ್ಬೇಕಾದದ್ದು ಅದೊಂದೇ."

ಕಿವಿಯ ಅಚ್ಚು ತೆಗೆದು ಅದೇ ಅಳತೆಗೆ ಮಾಡುವ ಪ್ಲಗ್ ಕೊಡಿಸುವುದೆಂದು ತೀರ್ಮಾನವಾಯಿತು. ಕಿವಿಯೊಳಗೆ ಹಿಟ್ಟಿನಂಥ ಮೆತ್ತನೆಯ ವಸ್ತು ತುಂಬಿ, ಗಟ್ಟಿಯಾಗುವ ತನಕ ಅಲುಗಾಡದೆ ಕೂರಬೇಕು. ಅಚ್ಚು ತೆಗೆಯುವ ಹುಡುಗಿ ಒಳ್ಳೆಯವಳು, ನಡುನಡುವೆ ಆರಾಮಾಗಿದ್ದೀರಾ, ನೋವಾಗುತ್ತಿದೆಯಾ ಎಂದು ಕೇಳುತ್ತಿದ್ದಳಂತೆ. ನಮ್ಮವರ ಮರ್ಯಾದೆ ಗೊತ್ತಲ್ಲ, ಕೇಳಿದ್ದಕ್ಕೆಲ್ಲ ಇವರು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಪರವಾಗಿಲ್ಲ ಪರವಾಗಿಲ್ಲ ಎಂದು ದವಡೆ ಆಡಿಸುತ್ತಲೇ ಇದ್ದರು. ಬಂದ ಪ್ಲಗ್ಗು ಕಿವಿಯಲ್ಲಿ ನಿಲ್ಲದೆ ಪುಳಕ್ಕನೆ ಜಾರಿತು. ಎರಡನೇ ಸಲ ಹೋಗುವಾಗ ನಾನು, ಯಾರು ಏನೇ ಕೇಳಲಿ, ದಯವಿಟ್ಟು ಮರ್ಯಾದೆ ತೋರಿಸಬೇಡಿ ಎಂದು ಬೈದು ಕಳಿಸಿದೆ.

ಪ್ಲಗ್ಗು ಸರಿಯಾಗಿ ಕೂತಿತು. ಗಾಳಿಯ ಆರ್ಭಟ ನಿಂತಿತು. ಆದರೆ ಅದರ ಜೊತೆಗೆ ಗುಂಯ್ ಶಬ್ದವೂ ಹೋಯಿತು. ಮಗಳು ಯಾವಾಗ ಮಾತು ನಿಲ್ಲಿಸಿದಳು, ಯಾವಾಗ ಹೂಂ ಎನ್ನಬೇಕು ಎನ್ನುವುದೇ ಈಗ ತಿಳಿಯುತ್ತಿರಲಿಲ್ಲ. ಆಗ ಶುರುವಾಯಿತು ನೋಡಿ ಅವರ ಇಂಟರ್‌ಕಾಮ್ ಬೇಟೆ.

ಅಂಗಡಿಯವರು ಪಾಪ, ಇದರಲ್ಲಿ ಹಾಡು ಕೇಳಬಹುದು, ಫೋನು ಮಾಡಬಹುದು, ಗುಂಪಿನಲ್ಲಿ ಹೋದರೆ ಎಲ್ಲರೂ ಒಟ್ಟಿಗೆ ಮಾತಾಡಬಹುದು, ಮೈಲಿ ದೂರ ಇದ್ದರೂ ಕೇಳುತ್ತದೆ ಎಂದು ವರ್ಣಿಸುತ್ತಿದ್ದರು. ನನ್ನ ಮಗಳು ಮೈಲಿ ದೂರ ಇರುವುದಿಲ್ಲ, ನನ್ನ ಬೆನ್ನಿಗೆ ಅಂಟಿಕೊಂಡೇ ಇರುತ್ತಾಳೆ, ಅಲ್ಲಿಂದ ಕೇಳಿದರೆ ಸಾಕು ಎಂದು ಇವರು. ಬೇಡವಾದದ್ದನ್ನು ವಾಪಸ್ ತೆಗೆದುಕೊಳ್ಳುವ ಅಂಗಡಿಗಳನ್ನೇ ಹುಡುಕಿ ಒಂದೊಂದು ಜೋಡಿ ತರುವರು, ನೋಡುವರು, ತಂದದ್ದಕ್ಕಿಂತ ನೀಟಾಗಿ ಪ್ಯಾಕ್ ಮಾಡಿ ಹಿಂದಿರುಗಿಸುವರು.

ಕೇಳಿಸುತ್ತದೋ ಇಲ್ಲವೋ ಎಂದು ನೋಡುವುದಕ್ಕೆ ಒಂದು ಸ್ವರ ಬೇಕಿತ್ತು. ಕೆಳಗಿನ ಗಂಡಸರದೆಲ್ಲ ಡೋಲಿನಂಥ ಗಂಟಲು, ಅವು ಹೇಗೂ ಕೇಳುತ್ತವೆ. ನಿಮ್ಮದು ಅವಳ ಹಾಗೆ ಸಣ್ಣ ಸ್ವರ, ಸ್ವಲ್ಪ ಬನ್ನಿ ಎಂದರು. ಬೈಕೆಂದರೆ ನನಗೆ ಜೀವಭಯ, ಹತ್ತುವುದಿಲ್ಲ ಎಂದೆ. ಹತ್ತಬೇಡಿ, ನಿಂತು ಮಾತಾಡಿದರೆ ಸಾಕು ಎಂದರು. ಸರಿ, ಊಟದ ವಿರಾಮದಲ್ಲಿ ಪಾರ್ಕಿಂಗ್ ಲಾಟಿನ ಒಂದು ತುದಿಯಲ್ಲಿ ಇವರು ಬೈಕಿನ ಇಂಜಿನ್ ಓಡಿಸಿಕೊಂಡು, ಹೆಲ್ಮೆಟ್ಟು ಹಾಕಿಕೊಂಡು, ನನಗೆ ಬೆನ್ನು ಮಾಡಿ ಕೂರುವುದು. ಇನ್ನೊಂದು ತುದಿಯಲ್ಲಿ, ಟ್ರೇಲರುಗಳ ಸಾಲಿನ ಹತ್ತಿರ, ಅವರ ಮಗಳ ಹೆಲ್ಮೆಟ್ಟಿನೊಳಗೆ ನಾನು. ಆಫೀಸಿನ ಬಟ್ಟೆ, ಕೈಯಲ್ಲಿ ಊಟದ ಡಬ್ಬಿ, ತಲೆ ಮೇಲೆ ಹೆಲ್ಮೆಟ್ಟು. ಲಾರಿ ಡ್ರೈವರುಗಳು ಹಾರ್ನ್ ಹೊಡೆದು ನಗುತ್ತಿದ್ದರು. ಹೆಲ್ಮೆಟ್ಟಿನ ಒಳಗೆ ಹುಡುಗಿಯ ಶಾಂಪೂ ವಾಸನೆ ಇತ್ತು.

ಮೊದಲ ದಿನ ಅಡುಗೆ ಮಾಡುವ ಕ್ರಮ ಹೇಳಿದೆ. ಆಮೇಲೆ ಹವಾಮಾನ ಹೇಳಿದೆ. ಅವರ ಹೂಂ ಎಲ್ಲೆಲ್ಲೋ ಬೀಳುತ್ತಿತ್ತು. ನಾನು ಮಧ್ಯದಲ್ಲಿ ನಿಲ್ಲಿಸಿ, ನಿಮ್ಮ ಮೀನುಸಾರು ಊರೆಲ್ಲ ನಾರುತ್ತದೆ ಎಂದರೂ ಹೂಂ. ಕೇಳುವುದಿಲ್ಲ ಎಂದು ಖಾತ್ರಿಯಾಯಿತು. ಹೇಳಲು ಬೇರೆ ಏನೂ ತೋಚದೆ ಒಂದು ದಿನ ನನ್ನ ಗಂಡನ ವಿಷಯಕ್ಕೆ ಬಂದುಬಿಟ್ಟೆ. ದಿನಾ ಫೋನ್ ಮಾಡುತ್ತಿದ್ದವರು ಈಗ ಮಾಡುವುದಿಲ್ಲ, ಮಾಡಿದರೂ ಹಿಂದಿನಿಂದ ಟಿವಿ ಶಬ್ದ ಕೇಳುತ್ತದೆ, ಅದನ್ನು ಸಣ್ಣ ಮಾಡುವುದೂ ಇಲ್ಲ ಎಂದೆ. ಕಣ್ಣೆದುರು ಯಾರೂ ಇಲ್ಲ, ಆದರೆ ಕಿವಿಯಲ್ಲಿ ಯಾರೋ ಹೂಂ ಎನ್ನುತ್ತಿದ್ದಾರೆ. ಅಯ್ಯೋ, ಎಷ್ಟು ಹಗುರವಾಯಿತು ಅಂತೀರಿ! ಮರುದಿನ ಅವರು ಕರೆಯುವ ಮೊದಲೇ ನಾನು ಹೆಲ್ಮೆಟ್ಟಿಗೆ ಕೈ ಚಾಚಿದೆ.

ದೊಡ್ಡ ಸ್ಪೀಕರಿನದು ಬಂತು, ಪ್ಲಗ್ಗಿನ ಮುಂದೆ ಸೋತಿತು. ಇನ್ನೂ ಜೋರಿನದು ಬಂತು, ದೂರದಲ್ಲಿ ನಿಂತ ನನಗೇ ಅವರ ಹೆಲ್ಮೆಟ್ಟಿನಿಂದ ನನ್ನ ಸ್ವರ ಕೇಳುವಷ್ಟು ಜೋರು, ಅವರಿಗೆ ಮಾತ್ರ ಪಕ್ಕದ ಮನೆಯ ರೇಡಿಯೋ ಕೇಳಿದ ಹಾಗೆ. ಹೊರಗೆ ಎಷ್ಟು ಕಿರುಚಿಸಿದರೂ ಉಪಯೋಗವಿಲ್ಲ, ಸದ್ದು ಪ್ಲಗ್ಗಿನ ಒಳಗಿನಿಂದಲೇ ಬರಬೇಕು ಎಂದು ಅವರೇ ಕಂಡುಕೊಂಡರು. ಪುಟ್ಟ ಇಯರ್‌ಫೋನನ್ನು ಕಿವಿಯಚ್ಚಿನೊಳಗೇ ಕೂರಿಸಿ ಮಾಡಿಸಿದರು. ಆಮೇಲೆ ಅಂಗಡಿಗಳಲ್ಲಿ ಅವರದು ಒಂದೇ ಪ್ರಶ್ನೆ, ಇದಕ್ಕೆ ಇಯರ್‌ಫೋನ್ ಸಿಕ್ಕಿಸುವ ತೂತು ಇದೆಯಾ? ಬಹಳಷ್ಟಕ್ಕೆ ಇರಲಿಲ್ಲ. ಇದ್ದದ್ದೊಂದು ಕೊನೆಗೆ ಸಿಕ್ಕಿತು. ಹೆಲ್ಮೆಟ್ಟು ಎಳೆದುಕೊಳ್ಳುವಾಗ ವೈರು ಸಿಕ್ಕಿಕೊಂಡು ಪ್ಲಗ್ಗು ಹೊರಬರುತ್ತಿತ್ತು. ಕಿವಿ ಮುಚ್ಚುವ ತೆಳು ಬಟ್ಟೆಯ ಟೋಪಿ ಹಾಕಿ ಅದನ್ನೂ ಸರಿಮಾಡಿಕೊಂಡರು.

ಅದನ್ನು ಮೊದಲ ಸಲ ಹಾಕಿಕೊಂಡು ಬಂದ ದಿನ ನನಗೆ ಇದೊಂದೂ ಗೊತ್ತಿಲ್ಲ. ಎಂದಿನಂತೆ ಟ್ರೇಲರಿನ ಬಳಿ ನಿಂತು, ಗಂಡನ ಕಥೆ ಬಿಚ್ಚಿದ್ದೆ. ಹಬ್ಬಕ್ಕೂ ಬರುವುದಿಲ್ಲ ಎಂದರು, ನಾನು ಬನ್ನಿ ಎಂದು ಕರೆಯುವುದೂ ಬಿಟ್ಟೆ ಎನ್ನುತ್ತಿದ್ದೆ. ಕಿವಿಯಲ್ಲಿ ಸ್ಪಷ್ಟವಾಗಿ ಬಂತು: "ಅವರು ಬರುದಿಲ್ಲಾದ್ರೆ ನೀವು ಒಮ್ಮೆ ಹೋಗಿ ಬನ್ನಿ ಮಾರಾಯ್ರೆ."

ಮೈಮೇಲೆ ಬಿಸಿನೀರು ಬಿದ್ದಂತಾಯಿತು. ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಅವರು ಅಲ್ಲಿಂದ ತಿರುಗಿ, ಎರಡೂ ಕೈ ಎತ್ತಿ, ಲಾಟರಿ ಹೊಡೆದವರ ಹಾಗೆ ನಗುತ್ತಿದ್ದಾರೆ. ಅವರಿಗೆ ನಾನು ಏನು ಹೇಳುತ್ತಿದ್ದೆ ಎನ್ನುವುದು ಮುಖ್ಯವೇ ಅಲ್ಲ, ಕೇಳಿಸಿತು ಎನ್ನುವುದೇ ಸಂಭ್ರಮ. ನನಗೆ ಮಾತ್ರ ಸಿಟ್ಟೋ ನಾಚಿಕೆಯೋ ತಿಳಿಯದಂಥದೊಂದು ಬಂತು. ಆ ವಾರವೆಲ್ಲ ಊಟಕ್ಕೆ ಕೂತರೆ ಬರೀ ಸಾರಿನ ಉಪ್ಪು ಖಾರದ ಮಾತು ಆಡಿದೆ.

ಮುಂದಿನ ಸೋಮವಾರ ಅವರು ಕುಣಿಯುತ್ತಾ ಬರುತ್ತಾರೆ ಎಂದುಕೊಂಡಿದ್ದೆ. ಬಂದು, ಕೂತು, ಡಬ್ಬಿ ತೆರೆದರು. ನಾನೇ ಕೇಳಿದೆ. ಚೆನ್ನಾಗಿ ಕೇಳುತ್ತದೆ, ಉಸಿರು ಕೂಡ ಕೇಳುತ್ತದೆ ಎಂದರು. ಮತ್ತೇನಾಯಿತು ಎಂದೆ. ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಹೇಳಿದರು. ಹೊರಟು ಸ್ವಲ್ಪ ದೂರ ಅವಳು ಕಾಲೇಜಿನ ವಿಷಯ ಹೇಳಿದಳಂತೆ. ಇವರು ಇಷ್ಟು ವರ್ಷದ ಮೇಲೆ ಮೊದಲ ಸಲ ಪದ ಪದ ಕೇಳುವ ಸುಖದಲ್ಲಿ ಮಾತಾಡದೆ ಕೇಳಿಸಿಕೊಂಡರು. ಒಂದು ತಿರುವಿನಲ್ಲಿ ಅವಳು, ನನಗೆ ಅಮ್ಮನ ಸ್ವರ ನೆನಪಾಗುವುದಿಲ್ಲ ಪಪ್ಪಾ, ಮುಖ ಬರುತ್ತದೆ, ಸ್ವರ ಬರುವುದಿಲ್ಲ ಎಂದಳು, ಇಂಗ್ಲಿಷಿನಲ್ಲಿ. ಇವರು ತಡೆಯಲಾರದೆ, ಮಗಾ, ನನಗೆ ನೆನಪುಂಟು, ನಾನು ಹೇಳುತ್ತೇನೆ ಎಂದರು.

ಹಿಂದೆ ಎಲ್ಲವೂ ನಿಂತುಹೋಯಿತು. ಆಮೇಲೆ ಅವಳು ಕೇಳಿದ್ದು ಒಂದೇ: ನಿಮಗೆ ನಾನು ಹೇಳುವುದು ಕೇಳುತ್ತದಾ? ಇವರು ಹೆಮ್ಮೆಯಿಂದ, ಒಂದೊಂದು ಶಬ್ದವೂ ಎಂದುಬಿಟ್ಟರು.

ಮನೆ ತಲುಪುವ ತನಕ ಅವಳು ಮಾತಾಡಲಿಲ್ಲ. ನಂತರದ ಭಾನುವಾರ ಬಂದಳು, ವೆದರ್ ಚೆನ್ನಾಗಿದೆ ಎಂದಳು, ಲೆಫ್ಟ್ ತೆಗೆದುಕೊಳ್ಳಿ ಎಂದಳು. ಅದರ ನಂತರದ ಭಾನುವಾರ ಅಸೈನ್‌ಮೆಂಟು ಇದೆ ಎಂದಳು. ಆಮೇಲೆ ಪ್ರತಿ ಭಾನುವಾರವೂ ಅಸೈನ್‌ಮೆಂಟು. ಇವರು ಕೆಲವು ಸಲ ಒಬ್ಬರೇ ಹೋಗಿ ಬಂದರು. ಕಿವಿಯಲ್ಲಿ ಪ್ಲಗ್ಗು, ಗಾಳಿಯ ಸದ್ದೂ ಇಲ್ಲ, ಬೆನ್ನ ಹಿಂದೆ ಯಾರೂ ಇಲ್ಲ. ಆ ವರ್ಷ ಹಿಮ ಬೀಳುವುದಕ್ಕೆ ಬಹಳ ಮೊದಲೇ ಗಾಡಿಗೆ ಹೊದಿಕೆ ಬಿತ್ತು.

ನಾನು ಅವರಿಗೆ ಏನೂ ಹೇಳಲಿಲ್ಲ. ಟ್ರೇಲರಿನ ಬಳಿ ನಾನು ಬಾಯಿ ಮುಚ್ಚಿದ್ದು ಯಾಕೆಂದು ನನಗೆ ಗೊತ್ತಿತ್ತು, ಹುಡುಗಿಯದೂ ಅದೇ ಇರಬೇಕು ಎಂದೂ ಅನಿಸಿತ್ತು. ಆದರೆ ಒಬ್ಬ ತಂದೆಗೆ, ನಿಮಗೆ ಕೇಳುವುದಿಲ್ಲ ಎಂದೇ ಅವಳು ಅಷ್ಟೆಲ್ಲ ಹೇಳುತ್ತಿದ್ದಳು ಎಂದು ಯಾವ ಬಾಯಿಂದ ಹೇಳುವುದು? ಹೇಳಬೇಕಾಗಿಯೂ ಇರಲಿಲ್ಲ. ಮರುವರ್ಷ ಬೇಸಿಗೆಗೆ ಮಗಳು ಮತ್ತೆ ಗಾಡಿ ಹತ್ತುತ್ತಿದ್ದಾಳೆ ಎಂದು ಗೊತ್ತಾಯಿತು. ಸರಿಹೋಯಿತಲ್ಲ, ಅಪ್ಪನಿಗೆ ಕೇಳಿದರೆ ಕೇಳಲಿ ಎಂದು ಹುಡುಗಿ ಒಪ್ಪಿಕೊಂಡಿರಬೇಕು ಎಂದು ನಾನೂ ನಿಶ್ಚಿಂತಳಾದೆ.

ಹೋದ ವಾರದ ಪಾರ್ಟಿಗೆ ಅವಳನ್ನು ಯಾರೋ ಸ್ನೇಹಿತೆ ಕಾರಿನಲ್ಲಿ ತಂದುಬಿಟ್ಟಿದ್ದಳು. ವಾಪಸ್ ಅಪ್ಪನ ಹಿಂದೆ ಬೈಕಿನಲ್ಲೇ ಹೋಗುವುದೆಂದು ತನ್ನ ಹೆಲ್ಮೆಟ್ಟನ್ನೂ ತಂದಿದ್ದಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ತಟ್ಟೆ ಹಿಡಿದು ನನ್ನ ಪಕ್ಕ ಕೂತಳು. ನಗುವಾಗ ಅಪ್ಪನ ಹಾಗೆಯೇ ಒಂದು ಕಣ್ಣು ಸಣ್ಣದಾಗುತ್ತದೆ. ಭಾನುವಾರದ ಸವಾರಿ ಬಿಟ್ಟಿಲ್ಲವಲ್ಲ ಎಂದೆ.

"ನೋ ವೇ ಆಂಟಿ, ದಟ್ಸ್ ಮೈ ಥೆರಪಿ," ಎಂದಳು, ನನಗೋಸ್ಕರ ಬಂದಷ್ಟು ಕನ್ನಡ ಬೆರೆಸುತ್ತಾ. "ಪಪ್ಪಂದು ಸ್ಪೀಕರ್ ಹಾಳಾಗಿದೆ, ಯು ನೋ? ಹಿ ಕಾಂಟ್ ಹಿಯರ್ ಎ ಥಿಂಗ್. ಸ್ಟಿಲ್ ಹೂಂ ಹೂಂ ಅಂತಾರೆ."

ನನಗೆ ರೇಗಿತು. ಅಷ್ಟು ಅಲೆದು ಆರಿಸಿದ ಸೆಟ್ಟು ಹಾಳಾಗಿದೆ, ರಿಪೇರಿಗೆ ಕೊಡುವ ಯೋಗ್ಯತೆ ಇಲ್ಲವಾ ಇವರಿಗೆ? ಅವರು ಬೈಕಿನ ಪೆಟ್ಟಿಗೆಗೆ ಗಡಿಯಾರ ತುರುಕಲು ಹೊರಗೆ ಹೋಗಿದ್ದರು. ಹಿಂದೆಯೇ ಹೋಗಿ ಅವರ ಹೆಲ್ಮೆಟ್ಟು ಎತ್ತಿ ನೋಡಿದೆ. ಇಂಟರ್‌ಕಾಮಿನ ದೀಪ ಸರಿಯಾಗಿ ಉರಿಯಿತು. ಇಯರ್‌ಫೋನಿನ ವೈರು ಮಾತ್ರ ತೂತಿನಲ್ಲಿರಲಿಲ್ಲ. ಅಂದವಾಗಿ ಸುತ್ತಿ, ಒಳಗಿನ ಬಟ್ಟೆಯ ಸಂದಿಗೆ ಸೇರಿಸಿ ಇಟ್ಟಿತ್ತು.

ಇದು ಹಾಳಾಗಿಲ್ಲ, ಬಿಟ್ಟುಹೋಗಿದೆ ಅಷ್ಟೇ ಎಂದು ಸಿಕ್ಕಿಸಲು ಹೋದೆ. ಅವರು ನನ್ನ ಕೈಯಿಂದ ಹೆಲ್ಮೆಟ್ಟು ತೆಗೆದುಕೊಂಡರು.

"ಅದು ಹಾಗೇ ಇರ್ಲಿ," ಎಂದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೂ ಸಿಟ್ಟು ಇಳಿಯಲಿಲ್ಲ. ಎರಡು ಸಲ ಕಿವಿಗೆ ಹಿಟ್ಟು ತುಂಬಿಸಿಕೊಂಡಿರಿ, ಊರಿನ ಅಂಗಡಿಯನ್ನೆಲ್ಲ ಸುತ್ತಿದಿರಿ, ನನ್ನನ್ನು ಲಾರಿ ಡ್ರೈವರುಗಳ ಮುಂದೆ ಕೋಡಂಗಿ ಮಾಡಿದಿರಿ, ಇದಕ್ಕಾಗಿಯಾ ಎಂದೆ. ಅವಳು ಏನು ಹೇಳುತ್ತಾಳೆ ಎಂದು ತಿಳಿಯುವ ಆಸೆ ನಿಮಗೆ ಇಲ್ಲವಾ ಎಂದೆ.

"ಇಲ್ಲದೆ ಮತ್ತೆಂಥದು?" ಎಂದರು. ಬಾಗಿಲ ಕಡೆ ಒಮ್ಮೆ ನೋಡಿದರು, ಮಗಳು ಇನ್ನೂ ಒಳಗೇ ಇದ್ದಳು. "ಆದ್ರೆ ನನಗೆ ಕೇಳುದಾದ್ರೆ ಅವಳು ಹೇಳುದಿಲ್ಲ. ಹೇಳದೆ ಒಳಗೇ ಇಟ್ಕೊಂಡ್ರೆ ಏನಾಗ್ತದೆ ಅಂತ ನಾನು ಅವಳಮ್ಮನ ಕಾಯಿಲೆಯಲ್ಲಿ ನೋಡಿದ್ದೇನೆ. ಅಳುವಾಗ ನನಗೆ ಗೊತ್ತಾಗ್ತದೆ ಮಾರಾಯ್ರೆ, ಬೆನ್ನಿಗೆ ಗೊತ್ತಾಗ್ತದೆ. ಆಗ ಗಾಡಿ ಸ್ವಲ್ಪ ನಿಧಾನ ಮಾಡ್ತೇನೆ."

ಅಷ್ಟರಲ್ಲಿ ಮಗಳು ಉಳಿದ ಕೇಕಿನ ಡಬ್ಬ ಹಿಡಿದು ಬಂದಳು. ಅವರು ಜೇಬಿನಿಂದ ವೈರಿಲ್ಲದ ಹಳೆಯ ಪ್ಲಗ್ಗು ತೆಗೆದು ಹಾಕಿಕೊಂಡು ಹೆಲ್ಮೆಟ್ಟಿನ ಪಟ್ಟಿ ಬಿಗಿದರು. ನನಗೆ ಕೈ ಎತ್ತಿದರು. ಇನ್ನು ದಿನಾ ಎದುರು ಕೂತು ಉಣ್ಣುವವರು ಅವರಲ್ಲ ಎನ್ನುವುದು ಆಗಲೇ ನನಗೆ ಸರಿಯಾಗಿ ತಟ್ಟಿದ್ದು. ಗೇಟು ದಾಟುವ ಮೊದಲೇ ಹುಡುಗಿ ಮಾತು ಶುರುಮಾಡಿದ್ದಳು, ಅವಳ ಕೈ ಗಾಳಿಯಲ್ಲಿ ಆಡುತ್ತಿದ್ದುದು ನನಗೆ ಕಾಣುತ್ತಿತ್ತು.

ನಾನು ಕಾರಿನಲ್ಲಿ ಕೂತು ಚೆನ್ನಾಗಿ ಅತ್ತೆ. ಪಕ್ಕದಿಂದ ಗಾಡಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಯಾವುದೂ ನಿಧಾನ ಮಾಡಲಿಲ್ಲ.